ಗೇಣುದ್ದದ ಹಡಗು

ದೊಡ್ಡದನ್ನು ಚಿಕ್ಕದಾಗಿಸಿ ಕೈಯಲ್ಲಿ ಹಿಡಿದು ನೋಡಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ಬೆಟ್ಟವನ್ನು ಅವನು ಎತ್ತಿ ತರಲಾರ. ಹೊಳೆಯನ್ನು ಮನೆಯ ಜಗಲಿಗೆ ತಿರುಗಿಸಲಾರ. ಆದರೆ ಮಣ್ಣಿನಲ್ಲಿಯೋ ಮರದಲ್ಲಿಯೋ ಅವುಗಳ ಪಡಿಯಚ್ಚನ್ನು ಮಾಡಿ ಎದುರಿಗೆ ಇಟ್ಟುಕೊಳ್ಳಬಲ್ಲ. ನವರಾತ್ರಿಯ ಗೊಂಬೆಗಳ ಸಾಲಿನಲ್ಲಿ ಅರಮನೆ, ಅಂಬಾರಿ, ಸಂತೆ, ಮದುವೆಯ ದಿಬ್ಬಣಗಳೆಲ್ಲ ಒಂದರ ಪಕ್ಕದಲ್ಲಿ ಒಂದು ಕುಳಿತುಕೊಳ್ಳುವುದು ಈ ಆಸೆಯಿಂದಲೇ. ಈಜಿಪ್ಟಿನಲ್ಲಿ ಸುಮಾರು 4000 ವರ್ಷಗಳ ಹಿಂದೆ ಬದುಕಿದ್ದ ಮೆಕೆಟ್‌ರೆ ಎಂಬ ಅಧಿಕಾರಿಯ ಸಮಾಧಿಯಲ್ಲಿ 1920ರಲ್ಲಿ ಮರದ ಪುಟ್ಟ ದೋಣಿಗಳು ದೊರೆತವು. ಅವುಗಳಲ್ಲಿ ಬಣ್ಣ ಬಳಿದ ಪುಟ್ಟ ಅಂಬಿಗರೂ ಇದ್ದರು. ಬದುಕಿನಲ್ಲಿ ನೈಲ್ ನದಿಯ ಮೇಲೆ ಓಡಾಡಿದವನು ಸಾವಿನ ಆಚೆಗೂ ದೋಣಿಯನ್ನು ಬಯಸಿದ್ದನು. ಅಂದಿನಿಂದ ಇಂದಿನವರೆಗೆ ಹಡಗಿನ ಮಾದರಿಯನ್ನು ಕಟ್ಟುವ ಕೈಗಳು ಬಿಡುವು ಕಂಡಿಲ್ಲ.

ಹಡಗಿನ ಮಾದರಿಗಳಲ್ಲಿ ಎರಡು ಬಗೆ. ಮೊದಲನೆಯದು ತಳದಿಂದ ತುದಿಯವರೆಗೆ ಪೂರ್ಣವಾದದ್ದು. ಇದರಲ್ಲಿ ನೀರಿನೊಳಗೆ ಅಡಗಿರುವ ಹೊಟ್ಟೆ, ಚುಕ್ಕಾಣಿ, ಹಡಗನ್ನು ನೂಕುವ ತಿರುಗುರೆಕ್ಕೆಗಳು ಎಲ್ಲವೂ ಕಾಣುತ್ತವೆ. ಪೀಠದ ಮೇಲೆ ನಿಲ್ಲಿಸಿದ ಅಂಥ ಮಾದರಿ, ದುರಸ್ತಿಗಾಗಿ ನೀರಿನಿಂದ ಮೇಲೆತ್ತಿದ ಹಡಗಿನ ಹಾಗೆ ತೋರುತ್ತದೆ. ಎರಡನೆಯದು ನೀರಿನ ಮಟ್ಟದಲ್ಲಿ ಅಡ್ಡಲಾಗಿ ಕತ್ತರಿಸಿದ ಮಾದರಿ. ನೀರಿನ ಮೇಲೆ ಕಾಣುವಷ್ಟನ್ನು ಮಾತ್ರ ಇದರಲ್ಲಿ ಕಟ್ಟುತ್ತಾರೆ, ಕೆಳಗಿನದನ್ನು ಬಿಟ್ಟುಬಿಡುತ್ತಾರೆ. ತಳ ಚಪ್ಪಟೆಯಾಗಿರುವುದರಿಂದ ಅದನ್ನು ಮೇಜಿನ ಮೇಲಿಟ್ಟರೆ ಮೇಜೇ ಕಡಲಾಗುತ್ತದೆ. ದಡದಲ್ಲಿ ನಿಂತವನಿಗೆ ಹಡಗು ಹೇಗೆ ಕಾಣುವುದೋ ಹಾಗೆ ಅದು ಕಾಣುತ್ತದೆ. ಹಡಗನ್ನು ಬಲ್ಲವನು ಇಂಜಿನಿಯರು. ಹಡಗನ್ನು ಕಂಡವನು ದಡದ ಮನುಷ್ಯ. ಮೊದಲ ಬಗೆಯ ಮಾದರಿ ಇಂಜಿನಿಯರನದು, ಎರಡನೆಯದು ದಡದವನದು ಎನ್ನಬಹುದು.

ಈ ನೀರಿನ ಗೆರೆ ಬರಿಯ ಅನುಕೂಲದ ಗೆರೆಯಲ್ಲ. ಹಡಗಿನ ಬದುಕು ಸಾವುಗಳನ್ನು ನಿರ್ಧರಿಸುವ ಗೆರೆಯೇ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಲಾಭದ ಆಸೆಗೆ ಮಿತಿಮೀರಿ ಸರಕು ತುಂಬಿದ ಹಡಗುಗಳು ಬಿರುಗಾಳಿಗೆ ಸಿಕ್ಕಿ ಮುಳುಗುತ್ತಿದ್ದುವು. ನಾವಿಕರು ಗುಂಪುಗುಂಪಾಗಿ ಸಾಯುತ್ತಿದ್ದರು. ಇಂಗ್ಲೆಂಡಿನ ಸಂಸತ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಇದರ ವಿರುದ್ಧ ದನಿಯೆತ್ತಿ ಹೋರಾಡಿದನು. ಅದರ ಫಲವಾಗಿ 1876ರ ಕಾನೂನು, ಹಡಗಿನ ಪಕ್ಕದ ಮೇಲೆ ಭಾರದ ಗುರುತನ್ನು ಹಾಕಬೇಕೆಂದು ವಿಧಿಸಿತು. ವೃತ್ತದ ನಡುವೆ ಒಂದು ಅಡ್ಡಗೆರೆಯಿರುವ ಆ ಗುರುತಿಗೆ ಇಂದಿಗೂ ಪ್ಲಿಮ್ಸಾಲನ ಹೆಸರೇ ಇದೆ. ಮಾದರಿ ಕಟ್ಟುವವನು ಹಡಗನ್ನು ಕತ್ತರಿಸುವ ಗೆರೆ, ಒಂದು ಕಾಲಕ್ಕೆ ಸಾವಿರಾರು ಕುಟುಂಬಗಳು ಕಣ್ಣೀರಿನಿಂದ ನೋಡಿದ ಗೆರೆ.

ನೀರಿನ ಮಟ್ಟದ ಮಾದರಿಗಳು ಮೊದಲು ಆಟಕ್ಕೂ ಯುದ್ಧಕ್ಕೂ ಬಳಕೆಯಾದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾವಿಕರಿಗೂ ವಿಮಾನ ಚಾಲಕರಿಗೂ ಇಂಥ ಪುಟ್ಟ ಮಾದರಿಗಳನ್ನು ತೋರಿಸಿ, ದೂರದಲ್ಲಿ ಕಾಣುವ ಹಡಗು ತಮ್ಮದೋ ಶತ್ರುವಿನದೋ ಎಂದು ಗುರುತಿಸುವ ಪಾಠ ಹೇಳಲಾಗುತ್ತಿತ್ತು. ಯುದ್ಧ ಮುಗಿದ ಮೇಲೆ ಅವು ಮೆಲ್ಲಗೆ ಶಾಂತಿಯ ಹವ್ಯಾಸವಾದುವು. ಆ ಹವ್ಯಾಸಕ್ಕೆ ತವರೂರೆಂದು ಹೆಸರಾದದ್ದು ಜಪಾನಿನ ಶಿಜುವೊಕಾ ನಗರ.

ಶಿಜುವೊಕಾ ಮೊದಲಿನಿಂದಲೂ ಬಡಗಿಗಳ ಊರು. ಅಲ್ಲಿನ ದೊಡ್ಡ ದೇಗುಲಗಳನ್ನು ಕಟ್ಟಲು ಬಂದ ಕುಶಲಿಗಳು ಅಲ್ಲಿಯೇ ನೆಲಸಿದರೆಂದೂ, ಆದುದರಿಂದಲೇ ಆ ಊರಿನ ಕೈಗಳಿಗೆ ಮರದ ಕೆಲಸ ಒಲಿಯಿತೆಂದೂ ಹೇಳುವುದುಂಟು. ಮರದ ಆಟಿಕೆ, ಮರದ ಮಾದರಿಗಳನ್ನು ಮಾಡುತ್ತಿದ್ದ ಅಲ್ಲಿನ ಸಂಸ್ಥೆಗಳು ಯುದ್ಧಾನಂತರದ ದಶಕಗಳಲ್ಲಿ ಪ್ಲಾಸ್ಟಿಕ್ಕಿಗೆ ತಿರುಗಿದುವು. ಹಡಗುಗಳೋ ನೂರಾರು, ಒಂದೊಂದಕ್ಕೂ ಉಕ್ಕಿನ ಅಚ್ಚು ಕೊರೆಯಬೇಕು, ಅದು ಒಬ್ಬರ ಕೈಗೆ ನಿಲುಕುವ ಖರ್ಚಲ್ಲ. ಆಗ ತಮಿಯಾ, ಆವೊಶಿಮಾ, ಹಸೆಗಾವಾ, ಫುಜಿಮಿ ಎಂಬ ನಾಲ್ಕು ಸಂಸ್ಥೆಗಳು ಒಂದು ವಿವೇಕದ ಕೆಲಸ ಮಾಡಿದುವು. ಮಾರುಕಟ್ಟೆಯಲ್ಲಿ ಪರಸ್ಪರ ಪೈಪೋಟಿ ನಡೆಸುತ್ತಿದ್ದ ಅವು 1971ರಲ್ಲಿ ಒಟ್ಟಿಗೆ ಕುಳಿತು ಹಡಗುಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡುವು. ಯಾರು ಮಾಡಿದರೂ ಅಳತೆ ಒಂದೇ; ನಿಜವಾದ ಹಡಗಿನ 700ನೆಯ ಒಂದು ಪಾಲು. ಹೀಗಾಗಿ ಬೇರೆ ಬೇರೆ ಸಂಸ್ಥೆಗಳ ಹಡಗುಗಳು ಒಂದೇ ಕಡಲಿನ ಮೇಲೆ ಸಾಲುಗೂಡಿ ನಿಂತವು. 1992ರಲ್ಲಿ ಫುಜಿಮಿ ಈ ಕೂಟದಿಂದ ಹೊರಬಂದು ತನ್ನದೇ ದಾರಿ ಹಿಡಿಯಿತು. ಆದರೆ ಅದು ಆರಿಸಿಕೊಂಡ ಅಳತೆ ಅದೇ 700ನೆಯ ಒಂದು ಪಾಲು.

ಈ ಅಳತೆಯಲ್ಲಿ ಕಟ್ಟಲು ತಕ್ಕ ಹಡಗುಗಳು ಅನೇಕ. ಯುದ್ಧನೌಕೆಗಳ ಕಡೆಗೆ ಹಲವರ ಮನಸ್ಸು ಹರಿಯುತ್ತದೆ. ಆದರೆ ಯೊಕೊಹಾಮಾ ಬಂದರಿನಲ್ಲಿ ಇಂದಿಗೂ ಕಟ್ಟಿಹಾಕಿದ ಹಿಕಾವಾ ಮಾರು ಎಂಬ ಪ್ರಯಾಣಿಕರ ಹಡಗಿನ ಕಥೆ ಕೇಳಿದವರು ಅದನ್ನು ಸುಲಭವಾಗಿ ಮರೆಯಲಾರರು. ಒಂದು ದೇವಾಲಯದ ಹೆಸರನ್ನು ಹೊತ್ತ ಈ ಹಡಗು 1930ರಲ್ಲಿ ಯೊಕೊಹಾಮಾದಲ್ಲಿಯೇ ಸಿದ್ಧವಾಯಿತು. ಶಾಂತಸಾಗರವನ್ನು ದಾಟಿ ಅಮೆರಿಕದ ಸಿಯಾಟಲ್ ನಗರಕ್ಕೆ ಹೋಗಿ ಬರುವುದು ಅದರ ಕೆಲಸ. 1932ರಲ್ಲಿ ಚಾರ್ಲಿ ಚಾಪ್ಲಿನ್ ಜಪಾನಿನಿಂದ ಇದೇ ಹಡಗಿನಲ್ಲಿ ಪ್ರಯಾಣ ಮಾಡಿದನು. ಜೂಡೋ ವಿದ್ಯೆಯನ್ನು ರೂಪಿಸಿದ ಜಿಗೊರೊ ಕಾನೊ 1938ರ ಮೇ ತಿಂಗಳಲ್ಲಿ ತಾಯ್ನಾಡಿಗೆ ಹಿಂದಿರುಗುತ್ತ ಇದೇ ಹಡಗಿನಲ್ಲಿ ಕೊನೆಯುಸಿರೆಳೆದನು. 1941ರಲ್ಲಿ ಯುದ್ಧ ಬಂದಿತು. ಪ್ರಯಾಣಿಕರ ಹಡಗು ಗಾಯಾಳುಗಳ ಆಸ್ಪತ್ರೆಯಾಯಿತು. ಜೊತೆಯಲ್ಲಿ ಕಟ್ಟಿದ್ದ ಅದರ ಇಬ್ಬರು ಸೋದರಿಯರು, ಹಿಯೆ ಮಾರು ಮತ್ತು ಹೇಯಾನ್ ಮಾರು, 1943ರಲ್ಲಿ ಒಂದು, 1944ರಲ್ಲಿ ಒಂದು, ಕಡಲ ಪಾಲಾದುವು. ಹಿಕಾವಾ ಮಾರು ಮೂರು ಸಲ ನೀರಿನ ಸಿಡಿಗುಂಡುಗಳಿಗೆ ತಗುಲಿಯೂ ಉಳಿಯಿತು. ಯುದ್ಧ ಮುಗಿದ ಮೇಲೆ ಪರದೇಶಗಳಲ್ಲಿ ಸಿಕ್ಕಿಬಿದ್ದಿದ್ದ ಜನರನ್ನು ಮನೆಗೆ ತಂದಿತು, 1953ರಲ್ಲಿ ಮತ್ತೆ ಸಿಯಾಟಲಿನ ದಾರಿ ಹಿಡಿಯಿತು, 1960ರಲ್ಲಿ ನಿವೃತ್ತವಾಯಿತು. 2016ರಲ್ಲಿ ಜಪಾನ್ ಸರಕಾರ ಅದನ್ನು ಮುಖ್ಯ ಸಾಂಸ್ಕೃತಿಕ ಆಸ್ತಿಯೆಂದು ಸಾರಿತು.

ಈ ಹಡಗಿನ ಉದ್ದ ಸುಮಾರು 163 ಮೀಟರು. 700ರಿಂದ ಭಾಗಿಸಿದರೆ 23 ಸೆಂಟಿಮೀಟರಿಗೆ ತುಸು ಹೆಚ್ಚು. ಎಂದರೆ ಸರಿಯಾಗಿ ಒಂದು ಗೇಣು. ಚಾಪ್ಲಿನ್ ನಡೆದಾಡಿದ ಡೆಕ್ಕು, ಕಾನೊ ಕಣ್ಣುಮುಚ್ಚಿದ ಕೋಣೆ, ಗಾಯಾಳುಗಳು ನರಳಿದ ಸಾಲು ಹಾಸಿಗೆಗಳು ಎಲ್ಲವೂ ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಅಡಗಬೇಕು.

ಹಿಕಾವಾ ಮಾರುವನ್ನು ಕಟ್ಟಲು ಹೊರಟವನಿಗೆ ಮೊದಲು ಎದುರಾಗುವ ಪ್ರಶ್ನೆ ಅಂಟಿನದಲ್ಲ, ಬಣ್ಣದ್ದಲ್ಲ, ಕಾಲದ್ದು. ಯಾವ ವರ್ಷದ ಹಡಗನ್ನು ಕಟ್ಟುವುದು? ಹಡಗು ಮನುಷ್ಯನಂತೆಯೇ ಬದಲಾಗುತ್ತ ಹೋಗುತ್ತದೆ. 1930ರ ಹಿಕಾವಾ ಮಾರು ಕರಿಯ ಒಡಲಿನ ಮೇಲೆ ಬಿಳಿಯ ಮಹಡಿಗಳನ್ನು ಹೊತ್ತ ಸಿರಿವಂತೆ. ಹೊಗೆಕೊಳವೆಯ ಮೇಲೆ ಬಿಳಿಯ ಪಟ್ಟಿಯೊಳಗೆ ಎರಡು ಕೆಂಪು ಗೆರೆಗಳು. 1942ರ ಹಿಕಾವಾ ಮಾರು ಅಡಿಯಿಂದ ಮುಡಿಯವರೆಗೆ ಬಿಳಿಯುಟ್ಟ ದಾದಿ. ಎರಡನ್ನೂ ಬೆರೆಸುವಂತಿಲ್ಲ. ಒಂದು ದಿನವನ್ನು ಆರಿಸಿಕೊಂಡ ಮೇಲೆ ಆ ದಿನಕ್ಕೆ ನಿಷ್ಠೆಯಿಂದಿರಬೇಕು. ಆದುದರಿಂದ ಮಾದರಿ ಕಟ್ಟುವವನು ಚಾಕು ಹಿಡಿಯುವ ಮೊದಲು ಪುಸ್ತಕ ಹಿಡಿಯುತ್ತಾನೆ. ಹಳೆಯ ಛಾಯಾಚಿತ್ರಗಳನ್ನೂ ನಕ್ಷೆಗಳನ್ನೂ ಹುಡುಕುತ್ತಾನೆ. ಒಂದು ಚಿತ್ರದಲ್ಲಿ ಕಂಡ ಏಣಿ ಇನ್ನೊಂದರಲ್ಲಿ ಏಕಿಲ್ಲವೆಂದು ಭೂತಗನ್ನಡಿ ಹಿಡಿದು ಯೋಚಿಸುತ್ತಾನೆ. ಇತಿಹಾಸಕಾರನಿಗೂ ಅವನಿಗೂ ಇರುವ ಅಂತರ ಬಹಳವಲ್ಲ. ಇತಿಹಾಸಕಾರ ಮಾತಿನಲ್ಲಿ ಬರೆಯುವುದನ್ನು ಇವನು ಬೆರಳಿನಲ್ಲಿ ಬರೆಯುತ್ತಾನೆ.

ಪೆಟ್ಟಿಗೆಯನ್ನು ತೆರೆದರೆ ಬಳ್ಳಿಗೆ ಕಾಯಿ ಹತ್ತಿದಂತೆ ಪ್ಲಾಸ್ಟಿಕ್ಕಿನ ಕಡ್ಡಿಗಳಿಗೆ ಹತ್ತಿಕೊಂಡ ನೂರಾರು ತುಣುಕುಗಳು. ಅವುಗಳನ್ನು ಮುರಿಯಕೂಡದು, ಚೂಪಾದ ಕತ್ತರಿಯಿಂದ ಬಿಡಿಸಿ, ಉಳಿದ ತೊಟ್ಟನ್ನು ಚಾಕುವಿನಿಂದ ಸವರಿ, ಮರಳು ಕಾಗದದಿಂದ ಉಜ್ಜಬೇಕು. ಒಡಲಿನ ತಳವನ್ನು ಸಮತಟ್ಟಾದ ಗಾಜಿನ ಮೇಲೆ ಹಾಸಿದ ಮರಳು ಕಾಗದಕ್ಕೆ ತಿಕ್ಕಿ ತಿಕ್ಕಿ ನೇರ ಮಾಡಬೇಕು. ತಳ ಕೂದಲಿನಷ್ಟು ಬಾಗಿದ್ದರೂ ಹಡಗು ನೀರಿನ ಮೇಲೆ ತೇಲಿದಂತೆ ಕಾಣದೆ ನೀರಿನ ಮೇಲೆ ಇಟ್ಟಂತೆ ಕಾಣುತ್ತದೆ. ದುಂಡು ಕಿಟಕಿಗಳನ್ನು ಅರ್ಧ ಮಿಲಿಮೀಟರಿನ ಬೈರಿಗೆಯನ್ನು ಬೆರಳುಗಳ ನಡುವೆ ಹೊರಳಿಸುತ್ತ ಒಂದೊಂದಾಗಿ ಕೊರೆಯಬೇಕು. ಸಾಲಿನಲ್ಲಿ ಒಂದು ತೂತು ಮೇಲಕ್ಕೆ ಹೋದರೆ ಉಳಿದ ನಲವತ್ತರ ನೇರವೂ ಕೆಟ್ಟಂತೆಯೇ. ಸಾಲಿನ ತಪ್ಪನ್ನು ಹಿಡಿಯುವುದರಲ್ಲಿ ಮನುಷ್ಯನ ಕಣ್ಣಿಗೆ ಸಮಾನವಾದುದಿಲ್ಲ.

ಬಣ್ಣದ ಕೆಲಸಕ್ಕೂ ಒಂದು ಕ್ರಮವಿದೆ. ಜೋಡಿಸಿದ ಮೇಲೆ ಕುಂಚ ಹೋಗಲಾರದ ಮೂಲೆಗಳಿಗೆ ಜೋಡಿಸುವ ಮೊದಲೇ ಬಣ್ಣ ಹಚ್ಚಬೇಕು. ಬಣ್ಣದ ಪದರು ತೆಳ್ಳಗಿರಬೇಕು. ಮೂರುನೂರನೆಯ ಒಂದು ಸೆಂಟಿಮೀಟರು ದಪ್ಪದ ಬಣ್ಣ ಈ ಅಳತೆಯಲ್ಲಿ ಎರಡು ಸೆಂಟಿಮೀಟರಿಗೂ ಮಿಕ್ಕಿದ ಗಾರೆಯಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ನಿಜವಾದ ಹಡಗಿಗೆ ಬಳಿದ ಬಣ್ಣವನ್ನೇ ತಂದು ಮಾದರಿಗೆ ಬಳಿದರೆ ಅದು ಕಡುವಾಗಿ ಕಾಣುತ್ತದೆ. ದೂರದ ಬೆಟ್ಟ ಹೇಗೆ ನಸುನೀಲಿಯಾಗಿ ಮಂಜುಮಂಜಾಗಿ ತೋರುವುದೋ ಹಾಗೆಯೇ ದೂರದ ಹಡಗಿನ ಕಪ್ಪು ಅಚ್ಚ ಕಪ್ಪಲ್ಲ, ಬಿಳಿ ಅಚ್ಚ ಬಿಳಿಯಲ್ಲ. ಆದುದರಿಂದ ಕಪ್ಪಿಗೆ ಬೂದಿಯ ಬಣ್ಣವನ್ನು ತುಸು ಬೆರೆಸುತ್ತಾರೆ. ಬಿಳಿಯ ಕಣ್ಣು ಕೋರೈಸುವಿಕೆಯನ್ನು ತಗ್ಗಿಸುತ್ತಾರೆ. ಮಾದರಿಯನ್ನು ಚಿಕ್ಕದು ಮಾಡುವುದೆಂದರೆ ಉದ್ದವನ್ನು ಮಾತ್ರವಲ್ಲ, ಗಾಳಿಯನ್ನೂ ಬೆಳಕನ್ನೂ ಚಿಕ್ಕದು ಮಾಡುವುದು.

ಹಡಗಿನ ರೂಪ ನಿಂತ ಮೇಲೆ ಸೂಕ್ಷ್ಮದ ಕೆಲಸ ಆರಂಭವಾಗುತ್ತದೆ. ಆಮ್ಲದಿಂದ ಕೊರೆದ ತೆಳುವಾದ ಹಿತ್ತಾಳೆಯ ತಗಡಿನಿಂದ ಕಟಾಂಜನಗಳು, ಏಣಿಗಳು, ದೋಣಿ ಇಳಿಸುವ ಕೊಕ್ಕೆಕಂಬಗಳು ಹುಟ್ಟುತ್ತವೆ. ಒಂದು ಮೀಟರು ಎತ್ತರದ ಕಟಾಂಜನ ಇಲ್ಲಿ ಒಂದೂವರೆ ಮಿಲಿಮೀಟರಿಗೂ ಕಡಿಮೆ. ಅದನ್ನು ಚಿಮಟದಲ್ಲಿ ಹಿಡಿದು, ಸೂಜಿಯ ಮೊನೆಯಲ್ಲಿ ಅಂಟಿನ ಹನಿ ತೆಗೆದು, ಉಸಿರು ಬಿಗಿಹಿಡಿದು ಡೆಕ್ಕಿನ ಅಂಚಿಗೆ ಇಡಬೇಕು. ಇನ್ನು ಕಂಬದಿಂದ ಕಂಬಕ್ಕೆ ಬಿಗಿದ ತಂತಿಗಳು. ಇವುಗಳಿಗೆ ತುಣುಕುಗಳನ್ನು ಹೊತ್ತು ತಂದ ಪ್ಲಾಸ್ಟಿಕ್ ಕಡ್ಡಿಯೇ ಸಾಕು. ಅದನ್ನು ಮೇಣದಬತ್ತಿಯ ಉರಿಯ ಮೇಲೆ ಹಿಡಿದು ಮೆತ್ತಗಾದೊಡನೆ ಎರಡು ಕಡೆಗೂ ಎಳೆದರೆ ಜೇಡನ ನೂಲಿನಂಥ ಎಳೆ ಬರುತ್ತದೆ. ಬಿಸಾಡಬೇಕಾದ ವಸ್ತುವಿನಿಂದ ಹಡಗಿನ ಅತ್ಯಂತ ನವುರಾದ ಅಂಗ ಮೂಡುವುದು ನೋಡುವುದಕ್ಕೇ ಒಂದು ಸೊಗಸು.

ಈ ಕೆಲಸದಲ್ಲಿ ಆತುರಕ್ಕೆ ಎಡೆಯಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಮಾದರಿ ಕಟ್ಟುವವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಮೂರು ಸಂಜೆಗಳಲ್ಲಿ ನಿಲ್ಲಿಸಿದ ಕಟಾಂಜನವನ್ನು ಅಂಗಿಯ ತೋಳು ಒಮ್ಮೆ ಸೋಕಿ ಕೆಡವಬಹುದು. ಚಿಮಟದಿಂದ ಚಿಮ್ಮಿದ ಲಂಗರು ನೆಲಹಾಸಿನೊಳಗೆ ಸೇರಿ ಮತ್ತೆ ಸಿಕ್ಕದೆ ಹೋಗಬಹುದು. ಆಗ ಸಿಟ್ಟಿಗೇಳುವವನು ಇನ್ನೆರಡು ತುಣುಕು ಮುರಿಯುತ್ತಾನೆ. ತಾಳ್ಮೆಯುಳ್ಳವನು ಎದ್ದು ಕೈ ತೊಳೆದು, ಹೊರಗೆ ನಾಲ್ಕು ಹೆಜ್ಜೆ ನಡೆದು ಬಂದು ಮತ್ತೆ ಕುಳಿತುಕೊಳ್ಳುತ್ತಾನೆ. ಅಂಟು ಒಣಗುವ ಕಾಲವನ್ನು ಯಾರೂ ಬೈದು ಓಡಿಸಲಾರರು.

ಎಷ್ಟು ಸೂಕ್ಷ್ಮವಾಗಿ ಕಟ್ಟಿದರೂ ಕೊನೆಯಿಲ್ಲವೆಂಬುದು ಸ್ವಲ್ಪ ದಿನಗಳಲ್ಲಿ ತಿಳಿಯುತ್ತದೆ. ಎರಡು ಸೆಂಟಿಮೀಟರು ದಪ್ಪದ ಹಗ್ಗ ಈ ಅಳತೆಯಲ್ಲಿ ತಲೆಗೂದಲಿಗಿಂತ ತೆಳ್ಳಗಾಗಬೇಕು. ಅತ್ಯಂತ ತೆಳುವಾದ ಹಿತ್ತಾಳೆಯ ಕಟಾಂಜನವೂ ಲೆಕ್ಕ ಹಾಕಿ ನೋಡಿದರೆ ನಿಜವಾದುದಕ್ಕಿಂತ ದಪ್ಪವೇ. ಮನುಷ್ಯ ಎಳ್ಳಿನ ಕಾಳಿಗಿಂತ ಚಿಕ್ಕವನಾಗುತ್ತಾನೆ; ಅವನ ಮುಖದಲ್ಲಿ ಕಣ್ಣು ಬರೆಯುವ ಕುಂಚ ಹುಟ್ಟಿಲ್ಲ. ಆದುದರಿಂದ ಯಾವುದನ್ನು ಇಡಬೇಕು ಎಂಬುದರ ಜೊತೆಗೆ ಯಾವುದನ್ನು ಬಿಡಬೇಕು ಎಂಬುದನ್ನೂ ಕಲಿಯಬೇಕಾಗುತ್ತದೆ. ದಡದಲ್ಲಿ ನಿಂತವನಿಗೆ ಡೆಕ್ಕಿನ ಮೇಲಿನ ಮೊಳೆ ಕಾಣದು. ಕಟಾಂಜನದ ಸಾಲು ಕಾಣುತ್ತದೆ. ಮೊಳೆಯನ್ನು ಬಿಟ್ಟು ಸಾಲನ್ನು ನೇರವಾಗಿಡುವುದೇ ಇಲ್ಲಿ ಪ್ರಾಮಾಣಿಕತೆ.

ಹಡಗು ಮುಗಿದರೆ ಕೆಲಸ ಅರ್ಧ ಮುಗಿಯಿತು. ಇನ್ನು ಕಡಲನ್ನು ಮಾಡಬೇಕು. ಒಂದು ಹಲಗೆಯ ಮೇಲೆ ಅಂಟಿನಲ್ಲಿ ನೆನೆಸಿದ ತೆಳು ಕಾಗದವನ್ನು ಸುಕ್ಕುಸುಕ್ಕಾಗಿ ಹಾಸಿ ಅಲೆಗಳನ್ನು ಎಬ್ಬಿಸುತ್ತಾರೆ; ಒಣಗಿದ ಮೇಲೆ ಕಡುನೀಲಿ, ಹಸಿರು, ಬೂದುಬಣ್ಣಗಳನ್ನು ಒಂದರ ಮೇಲೊಂದು ಬಳಿದು ಹೊಳಪಿನ ಲೇಪ ಕೊಡುತ್ತಾರೆ. ಮಾಡುವ ರೀತಿ ಸುಲಭ. ಸರಿಯಾಗಿ ಮಾಡುವುದು ಕಷ್ಟ. ಏಕೆಂದರೆ ಕಡಲಿಗೂ ಕಟ್ಟಳೆಗಳಿವೆ. ಆಳವಾದ ನೀರಿನಲ್ಲಿ ಓಡುವ ಹಡಗು ತನ್ನ ಹಿಂದೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಅಲೆಗಳನ್ನು ಬಿಟ್ಟುಹೋಗುತ್ತದೆ. ಆ ಬೀಸಣಿಗೆಯ ಕೋನ ಸುಮಾರು 39 ಡಿಗ್ರಿಗಳೆಂದು ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಜ್ಞಾನಿ 1887ರಲ್ಲಿ ಲೆಕ್ಕ ಹಾಕಿ ತೋರಿಸಿದನು. ಕೆರೆಯಲ್ಲಿ ಈಜುವ ಬಾತುಕೋಳಿಯ ಹಿಂದೆಯೂ ಅದೇ ಕೋನ, ಸಾಗರದಲ್ಲಿ ಸಾಗುವ ಹಡಗಿನ ಹಿಂದೆಯೂ ಅದೇ ಕೋನ. ಹಡಗಿನ ಪಕ್ಕದಲ್ಲಿ ಏಳುವ ಅಲೆಗಳ ಅಂತರ ಮಾತ್ರ ವೇಗವನ್ನು ಅವಲಂಬಿಸಿದೆ. 18 ನಾಟಿನ ವೇಗದಲ್ಲಿ ಹಿಕಾವಾ ಮಾರು ಓಡುವಾಗ ಒಂದು ಅಲೆಯ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಸುಮಾರು 55 ಮೀಟರು. ಮಾದರಿಯಲ್ಲಿ ಎಂಟು ಸೆಂಟಿಮೀಟರಿಗೆ ತುಸು ಕಡಿಮೆ. ಗೇಣುದ್ದದ ಒಡಲಿನ ಪಕ್ಕದಲ್ಲಿ ಮೂರು ಅಲೆಗಳು. ಹತ್ತು ಅಲೆಗಳನ್ನು ಎಬ್ಬಿಸಿದವನ ಕಡಲು ಅಂದವಾಗಿರಬಹುದು. ಅದರ ಮೇಲಿನ ಹಡಗು ಮಾತ್ರ ಆಮೆಯ ನಡಿಗೆಯದು. ಬಾವುಟ ಒಂದು ದಿಕ್ಕಿಗೆ, ಹೊಗೆ ಇನ್ನೊಂದು ದಿಕ್ಕಿಗೆ ಹಾರಿದರೂ ಹೀಗೆಯೇ. ನೋಡುವವನಿಗೆ ತಪ್ಪು ಎಲ್ಲಿದೆಯೆಂದು ತಿಳಿಯದಿದ್ದರೂ ಮನಸ್ಸು ಒಪ್ಪುವುದಿಲ್ಲ.

ಹಿಕಾವಾ ಮಾರುವನ್ನು ಆಸ್ಪತ್ರೆಯ ವೇಷದಲ್ಲಿ ಕಟ್ಟುವವನಿಗೆ ಇನ್ನೊಂದು ಹೊಣೆ ಬರುತ್ತದೆ. 1907ರ ಹೇಗ್ ಒಪ್ಪಂದದ ಪ್ರಕಾರ ಸೇನೆಯ ಆಸ್ಪತ್ರೆ ಹಡಗಿಗೆ ಹೊರಗೆಲ್ಲ ಬಿಳಿಯ ಬಣ್ಣ ಬಳಿದು, ಒಡಲಿನ ಸುತ್ತ ಸುಮಾರು ಒಂದೂವರೆ ಮೀಟರು ಅಗಲದ ಹಸಿರು ಪಟ್ಟಿ ಎಳೆಯಬೇಕಾಗಿತ್ತು. ಅದರೊಂದಿಗೆ ಕೆಂಪು ಶಿಲುಬೆಯ ಗುರುತು ಇರಬೇಕಾಗಿತ್ತು. ಈ ಹಡಗಿನಲ್ಲಿ ಆಯುಧವಿಲ್ಲ, ನೋವು ಮಾತ್ರವಿದೆ, ಹೊಡೆಯಬೇಡಿ ಎಂದು ಶತ್ರುವಿಗೆ ಹೇಳುವ ಭಾಷೆ ಅದು. ಒಂದೂವರೆ ಮೀಟರು ಮಾದರಿಯಲ್ಲಿ ಎರಡು ಮಿಲಿಮೀಟರಿಗೆ ತುಸು ಹೆಚ್ಚು. ಅಂಟುಪಟ್ಟಿಯನ್ನು ಮೇಲೂ ಕೆಳಗೂ ಹಚ್ಚಿ ನಡುವೆ ಹಸಿರು ಎಳೆಯುವಾಗ ಅದು ಒಂದು ಅಲಂಕಾರದ ಗೆರೆಯೆಂದು ತೋರುತ್ತದೆ. ಆದರೆ ನಿಜವಾದ ಕಡಲಿನಲ್ಲಿ ನೂರಾರು ಜನ ಗಾಯಾಳುಗಳ ಉಸಿರು ಆ ಗೆರೆಯನ್ನು ನಂಬಿಕೊಂಡಿತ್ತು. ಎಲ್ಲ ಕಾಲಕ್ಕೂ ಆ ನಂಬಿಕೆ ಉಳಿಯಲಿಲ್ಲ. ಆಸ್ಟ್ರೇಲಿಯದ ಸೆಂಟಾರ್ ಎಂಬ ಆಸ್ಪತ್ರೆ ಹಡಗು ಇದೇ ಬಿಳಿ ಹಸಿರು ಕೆಂಪುಗಳನ್ನು ಧರಿಸಿ, ಇರುಳಿನಲ್ಲಿ ದೀಪಗಳನ್ನು ಬೆಳಗಿಕೊಂಡು ಹೋಗುತ್ತಿದ್ದಾಗ 1943ರ ಮೇ 14ರಂದು ಜಪಾನಿನ ಜಲಾಂತರ್ಗಾಮಿಯ ಏಟಿಗೆ ಸಿಕ್ಕಿ ಮುಳುಗಿತು. 268 ಜನ ಸತ್ತರು. ಅದೇ ನವೆಂಬರಿನಲ್ಲಿ ಜಪಾನಿನ ಬ್ಯೂನಸ್ ಐರಿಸ್ ಮಾರು ಎಂಬ ಆಸ್ಪತ್ರೆ ಹಡಗನ್ನು ಅಮೆರಿಕದ ವಿಮಾನ ಮುಳುಗಿಸಿತು. ಯುದ್ಧದ ರೋಷದಲ್ಲಿ ಎರಡು ಕಡೆಯವರೂ ಗೆರೆಯನ್ನು ದಾಟಿದ್ದುಂಟು. ಇದನ್ನು ತಿಳಿದ ಮೇಲೆ ಆ ಎರಡು ಮಿಲಿಮೀಟರಿನ ಪಟ್ಟಿಯನ್ನು ವಕ್ರವಾಗಿ ಎಳೆಯಲು ಕೈ ಬಾರದು. ಯುದ್ಧನೌಕೆಯ ಫಿರಂಗಿಗಳನ್ನು ಎಣಿಸುವ ಹುಡುಗನಿಗೂ ಆ ಹಸಿರು ಗೆರೆ ಒಂದು ಮಾತು ಹೇಳುತ್ತದೆ.

ಮಾದರಿ ಕಟ್ಟುವವರು ತಮ್ಮ ಸುಖಕ್ಕಾಗಿ ಕಟ್ಟುತ್ತಾರೆಂಬುದು ನಿಜ. ಆದರೆ ಅವರ ಕೆಲಸ ಕೆಲವು ಸಲ ಅದಕ್ಕಿಂತ ಹೆಚ್ಚಿನದಾಗುತ್ತದೆ. ಭಾರತದ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ್ ಇದಕ್ಕೊಂದು ನಿದರ್ಶನ. ಅದರ ಉದ್ದ ಸುಮಾರು 700 ಅಡಿ. ಆದುದರಿಂದ ಈ ಅಳತೆಯ ಮಾದರಿ ಲೆಕ್ಕ ಹಾಕುವ ತೊಂದರೆಯೇ ಇಲ್ಲದೆ ಒಂದು ಅಡಿಯಾಗುತ್ತದೆ. ಅದರ ಡೆಕ್ಕಿನ ಮೇಲೆ ನಿಲ್ಲುವ ಸೀ ಹಾಕ್ ವಿಮಾನ ಒಂದೂಮುಕ್ಕಾಲು ಸೆಂಟಿಮೀಟರಿಗಿಂತ ಉದ್ದವಿರದು. 1961ರ ಮಾರ್ಚ್ 4ರಂದು ಭಾರತದ ನೌಕಾಪಡೆಯನ್ನು ಸೇರಿದ ವಿಕ್ರಾಂತ್ 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಿಂದ ವಿಮಾನಗಳನ್ನು ಹಾರಿಸಿತು. ಮುಂದೆ ಹೊಸ ಬಗೆಯ ಸೀ ಹ್ಯಾರಿಯರ್ ವಿಮಾನಗಳು ಬಂದಾಗ ಚಪ್ಪಟೆಯಾಗಿದ್ದ ಅದರ ಮುಂತುದಿಗೆ ಮೇಲಕ್ಕೆ ಏರುವ ಇಳಿಜಾರನ್ನು ಕಟ್ಟಲಾಯಿತು. 1971ರ ವಿಕ್ರಾಂತವನ್ನು ಕಟ್ಟುವವನು ಆ ಇಳಿಜಾರನ್ನು ಇಟ್ಟರೆ ಇತಿಹಾಸ ತಪ್ಪಿದಂತೆ. 1997ರಲ್ಲಿ ನಿವೃತ್ತವಾದ ಹಡಗು ಮುಂಬಯಿಯಲ್ಲಿ ಕೆಲವು ವರ್ಷ ವಸ್ತುಸಂಗ್ರಹಾಲಯವಾಗಿದ್ದು, 2014ರಲ್ಲಿ ಅದನ್ನು ಒಡೆಯುವ ಕೆಲಸ ಆರಂಭವಾಯಿತು. ಅದರ ಹೆಸರು 2022ರಲ್ಲಿ ಕೊಚ್ಚಿಯಲ್ಲಿ ನೌಕಾಪಡೆಯನ್ನು ಸೇರಿದ ಹೊಸ ಹಡಗಿಗೆ ಬಂದಿತು. ಹಳೆಯ ವಿಕ್ರಾಂತದ ಡೆಕ್ಕಿನ ಮೇಲೆ ಇನ್ನು ಯಾರೂ ನಡೆಯಲಾರರು. ಅದು ಹೇಗಿತ್ತೆಂದು ಎಲ್ಲ ಕಡೆಗಳಿಂದಲೂ ಸುತ್ತಿ ನೋಡಬೇಕೆನ್ನುವವನಿಗೆ ಒಂದು ಅಡಿಯ ಮಾದರಿಯೇ ಗತಿ. ಅಂಥ ಮಾದರಿಯಲ್ಲಿ ಒಂದು ಸುಳ್ಳು ಸೇರಿದರೆ ಅದನ್ನು ನಿಜದೊಡನೆ ಹೋಲಿಸಿ ತಿದ್ದಲು ನಿಜವೇ ಉಳಿದಿಲ್ಲ.

ಹಾಗಾದರೆ ಕತ್ತರಿಸಿ ಬಿಟ್ಟ ಕೆಳಗಿನ ಅರ್ಧದ ಗತಿಯೇನು? ಹಡಗನ್ನು ನಡೆಸುವ ಎಂಜಿನುಗಳು ಅಲ್ಲಿವೆ. ಸೆಕೆಯಲ್ಲಿ ಎಣ್ಣೆ ಮೆತ್ತಿಕೊಂಡು, ಹಗಲಿರುಳು ಬಿಸಿಲನ್ನೇ ಕಾಣದೆ ದುಡಿದ ಕೆಲಸಗಾರರು ಅಲ್ಲಿದ್ದರು. ನೀರಿನ ಮಟ್ಟದ ಮಾದರಿಯಲ್ಲಿ ಅವರಿಗೆ ಸ್ಥಳವಿಲ್ಲ. ಇದು ಈ ಕಲೆಯ ಕೊರತೆಯೆಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯವೂ ಉಂಟು. ದಡದಿಂದ ನೋಡುವವರಿಗೆ ಬಿಳಿಯ ಮಹಡಿಗಳು ಕಾಣುತ್ತವೆಯೇ ಹೊರತು ಎಂಜಿನಿನ ಕೋಣೆ ಕಾಣುವುದಿಲ್ಲ. ಆದರೆ ಬಲ್ಲವನು ಕಟ್ಟಿದ ಮಾದರಿ ಇದನ್ನು ಮರೆಮಾಚುವುದಿಲ್ಲ. ಮುಂತುದಿಯಲ್ಲಿ ಸೀಳಿ ಏಳುವ ನೊರೆ, ಪಕ್ಕದ ಮೂರು ಅಲೆಗಳು, ಹಿಂದೆ ಬಿಚ್ಚಿದ ಬೀಸಣಿಗೆ ಇವೆಲ್ಲವೂ ಕೆಳಗಿನ ದುಡಿಮೆಯ ಗುರುತುಗಳೇ. ಕಾಣದವರ ಕೆಲಸವನ್ನು ಕಾಣುವ ಅಲೆಗಳಲ್ಲಿ ಸರಿಯಾಗಿ ಬರೆದವನು ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ್ದಾನೆ.

ಮುಗಿದ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಿಂತು ಮೇಲಿನಿಂದ ನೋಡಿದವರಿಗೆ ಅದು ಒಂದು ಆಟಿಕೆ; ಗೇಣುದ್ದ, ಮೂರು ಬೆರಳಿಗೂ ಕಡಿಮೆ ಅಗಲ; ಕ್ಷಣ ನೋಡಿ ಮುಂದೆ ಹೋಗುತ್ತಾರೆ. ಆದರೆ ಯಾರಾದರೂ ಬಾಗಿ, ಮೇಜಿನ ಅಂಚಿಗೆ ಗಲ್ಲವನ್ನು ತಂದು, ನೀರಿನ ಮಟ್ಟಕ್ಕೆ ಕಣ್ಣನ್ನು ಹಿಡಿದರೆ ಒಮ್ಮೆಗೇ ಎಲ್ಲ ಬದಲಾಗುತ್ತದೆ. ಬಿಳಿಯ ಒಡಲು ಗೋಡೆಯಂತೆ ಎದ್ದು ನಿಲ್ಲುತ್ತದೆ. ದುಂಡು ಕಿಟಕಿಗಳ ಸಾಲು ದೂರಕ್ಕೆ ಓಡುತ್ತದೆ. ಕಟಾಂಜನದ ಬಳಿ ಎಳ್ಳಿನಷ್ಟು ಚಿಕ್ಕ ಮನುಷ್ಯನೊಬ್ಬ ದಡವನ್ನು ನೋಡುತ್ತ ನಿಂತಿರುವುದು ಕಾಣುತ್ತದೆ. ಅವನು ಗಾಯಗೊಂಡು ಮನೆಗೆ ಮರಳುತ್ತಿರುವವನು ಇರಬಹುದು. ಅವನ ಮುಖದಲ್ಲಿ ಕಣ್ಣುಗಳಿಲ್ಲ. ಅವನ್ನು ಬರೆಯುವ ಕುಂಚವಿಲ್ಲ. ಬಾಗಿ ನೋಡಿದವನ ಕಣ್ಣುಗಳೇ ಅಲ್ಲಿ ಸೇರಿ, ದಡ ಹತ್ತಿರವಾಗುವುದನ್ನು ಕಾಯುತ್ತವೆ.